ಆಕಾಶ ತಿಳಿಯಾದ ಮೇಲೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಕಾಳ್ಗಿಚ್ಚು ಗುಡ್ಡದಾಚೆಯೇ ಇದೆ, ಹೊಗೆ ಮಾತ್ರ ಬಂದು ಕೂತಿದೆ, ದನಗಳನ್ನು ಎಂದಿನಂತೆ ಮೇಯಲು ಹೊಡೆಯಬಹುದೇ ಎಂದು ಕೇಳಿದ್ದೀಯ. ಹೊಡೆಯಬೇಡ. ಮೇವನ್ನು ಅವು ಇದ್ದಲ್ಲಿಗೇ ಒಯ್ದು ಹಾಕು.

ದನದ ಮೈ ನೋಡಿ ಮೋಸಹೋಗಬಾರದು. ಅಷ್ಟು ದೊಡ್ಡ ಮೈಗೆ ಅದರ ಶ್ವಾಸಕೋಶ ಚಿಕ್ಕದು; ಕುದುರೆಗಿರುವ ಉಸಿರಿನ ಶಕ್ತಿ ಅದಕ್ಕಿಲ್ಲ. ಹೊಗೆಯಲ್ಲಿ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿರುತ್ತವೆ. ಅವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ದನವನ್ನು ನಡೆಸಿದಷ್ಟೂ, ಓಡಿಸಿದಷ್ಟೂ ಅದು ಆಳವಾಗಿ ಉಸಿರೆಳೆದು ಇನ್ನಷ್ಟು ಹೊಗೆ ಕುಡಿಯುತ್ತದೆ.

ಹಾಗೆಂದು ಕೊಟ್ಟಿಗೆಯ ಬಾಗಿಲು, ಕಿಟಕಿಗಳನ್ನೆಲ್ಲ ಬಿಗಿದು ಕೂರಬೇಡ. ಗಂಜಲದಿಂದೇಳುವ ಅಮೋನಿಯಾ ಒಳಗೇ ಉಳಿದರೆ ಹೊಗೆಗೆ ಇನ್ನೊಂದು ವಿಷ ಸೇರಿಸಿದಂತೆ. ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸು. ಒಣಹುಲ್ಲನ್ನು ಹಾಕುವ ಹೊತ್ತಿಗೆ ಮಾತ್ರ ಸ್ವಲ್ಪ ತೇವ ಮಾಡು. ಮೊದಲೇ ನೆನೆಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಬಾನಿಯಲ್ಲಿ ಬೂದಿ ತೇಲುತ್ತಿದ್ದರೆ ನೀರು ಚೆಲ್ಲಿ, ಉಜ್ಜಿ, ಮತ್ತೆ ತುಂಬಿಸು. ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 100 ಲೀಟರಿಗೂ ಹೆಚ್ಚು ಕುಡಿಯಬಲ್ಲದು. ನೀರು ಕಡಿಮೆಯಾದರೆ ಗಂಟಲು ಒಣಗಿ, ಒಳಗೆ ಹೋದ ಕಸ ಹೊರಗೆ ಬರುವುದೂ ಕಷ್ಟವಾಗುತ್ತದೆ. (ನೀನೂ ಸೆರಗು ಕಟ್ಟಿಕೊಂಡರೆ ಸಾಲದು, ಎನ್95 ಮುಖಗವಸು ಹಾಕಿಕೋ. ನೀನು ಮಲಗಿದರೆ ಅವುಗಳನ್ನು ನೋಡುವವರು ಯಾರು?)

ಇವೆಲ್ಲ ಹೊಗೆ ಇರುವ ದಿನಗಳ ಮಾತು. ನನಗೆ ಭಯವಿರುವುದು ಅದರ ನಂತರದ ದಿನಗಳದ್ದು.

ಒಂದು ವರ್ಷ ಹತ್ತು ದಿನ ಹೊಗೆ ಕವಿದಿತ್ತು. ಹನ್ನೊಂದನೆಯ ಬೆಳಗ್ಗೆ ನೀಲಿ ಆಕಾಶ ಕಂಡದ್ದೇ ತಡ, ಹಿಂಡನ್ನೆಲ್ಲ ದೂರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋದೆ. ಆ ಮುಂಜಾನೆಯ ಹುರುಪು ಇನ್ನೂ ನೆನಪಿದೆ. ಐದನೆಯ ದಿನ ಒಂದು ಕಡಸು ಮೆಲುಕು ಹಾಕುವುದನ್ನು ನಿಲ್ಲಿಸಿತು. ಕಿವಿ ಜೋತು, ಮೂಗು ಸುರಿದು, ಮೈ ಕಾದಿತ್ತು. ನ್ಯುಮೋನಿಯಾ. ಹೊಗೆ ಉಸಿರಿನ ದಾರಿಯ ಒಳಪದರವನ್ನು ಸುಟ್ಟಂತೆ ಮಾಡಿರುತ್ತದೆ, ರೋಗಾಣುಗಳು ಆ ಗಾಯದಲ್ಲಿ ನಿಧಾನವಾಗಿ ಮನೆ ಮಾಡುತ್ತವೆ ಎಂದು ವೈದ್ಯರು ತಿಳಿಸಿದರು. ಕಡಸು ಉಳಿಯಲಿಲ್ಲ. ಗಾಳಿ ಶುದ್ಧವಾದ ಮೇಲೂ ನಾಲ್ಕರಿಂದ ಆರು ವಾರ ಮೈದಣಿಸದೆ ನೋಡಿಕೊಳ್ಳಬೇಕೆಂಬುದು ನನಗೆ ತಿಳಿದದ್ದು ಹೀಗೆ. ಆ ಅವಧಿಯಲ್ಲಿ ಲಾರಿ ಹತ್ತಿಸುವುದು, ಕೊಂಬು ಸುಡಿಸುವುದು ಯಾವುದೂ ಬೇಡ. ಕರುಗಳ ಮೇಲೆ ಎರಡು ಕಣ್ಣಿಡು.

ಬೆಂಕಿಯೇ ಈ ಕಡೆ ತಿರುಗಿದರೆ ತಡಮಾಡದೆ ಸಾಗಿಸು. ಅದಕ್ಕೂ ಹೊತ್ತಿಲ್ಲದಿದ್ದರೆ ಕಣ್ಣಿ ಬಿಚ್ಚಿ, ಬೇಲಿಯ ಗೇಟು ತೆರೆದುಬಿಡು. ನೈಲಾನ್ ಹಗ್ಗ ಕೊರಳಲ್ಲಿರಬಾರದು, ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಮೈಮೇಲೆ ನಿನ್ನ ಮೊಬೈಲ್ ಸಂಖ್ಯೆಯನ್ನು ಬಣ್ಣದಲ್ಲಿ ಬರೆದಿರು. ಬಿಸಿ ನೆಲ ತುಳಿದು ಬಂದ ದನದ ಗೊರಸನ್ನು ಎರಡು ವಾರ ಪರೀಕ್ಷಿಸುತ್ತಿರಬೇಕು. ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಗೊರಸು ಬಿಟ್ಟುಕೊಳ್ಳುತ್ತದೆ. ಕೆಚ್ಚಲನ್ನೂ ನೋಡು.

ಕೆಂದ ಹಸು ಗಬ್ಬವೆಂದು ಬರೆದಿದ್ದೀಯ. ನಾಳೆ ಬೆಳಗ್ಗೆ ಅದು ಮಲಗಿರುವಾಗಲೇ, ಎಬ್ಬಿಸದೆ, ಒಂದು ನಿಮಿಷ ಅಳ್ಳೆ ಎಷ್ಟು ಸಲ ಏರಿ ಇಳಿಯುತ್ತದೆಂದು ಎಣಿಸು. ಸಂಜೆ ಮತ್ತೊಮ್ಮೆ ಎಣಿಸು. ಎರಡನ್ನೂ ನನಗೆ ಬರೆದು ಕಳುಹಿಸು.

ಇಂತಿ,
ನಿನ್ನ ದೊಡ್ಡಪ್ಪ