ಭಾನುವಾರದ ಚರ್ಚೆ: ದೇಶದವರ ಅಡ್ಡಹೆಸರುಗಳು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಬೇರೆ ಬೇರೆ ದೇಶದವರಿಗೆ ಬಿದ್ದ ಅಡ್ಡಹೆಸರುಗಳ ಬಗ್ಗೆ ಇಲ್ಲೇ ಮಾತಾಡೋಣ. ಭಾಗವಹಿಸುವವರು ಶುಕ್ರವಾರ ರಾತ್ರಿಯೊಳಗೆ ಒಂದು ಹೆಸರು, ಅದರ ಹುಟ್ಟು, ಆ ಮಾಹಿತಿ ಎಲ್ಲಿ ಸಿಕ್ಕಿತು ಅಂತ ಬರೆದು ಕಳಿಸಿ.

ಮಾದರಿಗೆ ಬ್ರಿಟಿಷರ 'ಲೈಮಿ' ನೋಡಿ. ಸ್ಕರ್ವಿ ರೋಗ ತಡೆಯಲು ಅವರ ನೌಕಾಪಡೆ 1795ರಿಂದ ನಾವಿಕರಿಗೆ ಲೆಮನ್ ಜಾತಿಯ ನಿಂಬೆರಸ ಕೊಡತೊಡಗಿತು. ಮುಂದೆ ಅದರ ಜಾಗಕ್ಕೆ ಕೆರಿಬಿಯನ್ ವಸಾಹತುಗಳ ಲೈಮ್ ಹಣ್ಣಿನ ರಸ ಬಂತು, ಹೆಸರೂ ಅಂಟಿಕೊಂಡಿತು. ನ್ಯೂಜಿಲೆಂಡಿನವರು 'ಕಿವಿ' ಆದದ್ದು ಹಾರಲಾರದ ಆ ಹಕ್ಕಿಯಿಂದ, ಹಣ್ಣಿನಿಂದಲ್ಲ. ಹಣ್ಣಿಗೆ ಆ ಹೆಸರು ಬಂದದ್ದೇ 1959ರಲ್ಲಿ!

ಫಾರ್ವರ್ಡ್ ಕಥೆಗಳನ್ನು ಸುಮ್ನೆ ಹಾಕಬೇಡಿ. ಆಸ್ಟ್ರೇಲಿಯಾದವರು ಇಂಗ್ಲಿಷರನ್ನು ಕರೆಯುವ 'ಪಾಮ್' ಅನ್ನೋದು ಕೈದಿಗಳ ಅಂಗಿ ಮೇಲಿದ್ದ ಅಕ್ಷರಗಳು ಅಂತಾರೆ. ಅದಕ್ಕೆ ಪುರಾವೆ ಇಲ್ಲ. ಪೊಮೆಗ್ರನೇಟ್, ಅಂದರೆ ದಾಳಿಂಬೆಯಿಂದ ಬಂತು ಅನ್ನೋದನ್ನೇ ಹೆಚ್ಚಿನ ನಿಘಂಟುಕಾರರು ಒಪ್ಪುತ್ತಾರೆ.

ಇನ್ನೊಂದು ಮಾತು. ಕೆಲವು ಹೆಸರುಗಳು ಬರೀ ಬೈಗುಳ. ಅಂಥವನ್ನು ದಯವಿಟ್ಟು ಗುಂಪಿಗೆ ಹಾಕದೆ ಮೊದಲು ನನಗೆ ಖಾಸಗಿಯಾಗಿ ಕಳಿಸಿ. ನೋವಾಗುವ ಮಾತು ಇಲ್ಲಿ ಯಾರಿಗೂ ಬೇಡ, ಅಲ್ವಾ?

ಬರುವವರು ಇವತ್ತೇ 'ಬರ್ತೀನಿ' ಅಂತ ತಿಳಿಸಿ. ಒಂದೇ ಹೆಸರನ್ನು ಇಬ್ಬರು ಆರಿಸಿದ್ದರೆ ಮೊದಲು ಕಳಿಸಿದವರಿಗೆ ಅವಕಾಶ.