ಕಸೂತಿಗೆ ತಿಂಗಳಿಗೊಂದು ಭಾನುವಾರ, ಆರು ಮೇಜು ಕೊಡಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ಉತ್ಸವ, ಕರಕುಶಲ ಮೇಳಗಳ ಸುಗ್ಗಿ. ಧಾರವಾಡ ಭಾಗದ ಮೇಳ ಎಂದಮೇಲೆ ಕಸೂತಿ ಮಳಿಗೆ ಇರಲೇಬೇಕು, ಇರುತ್ತದೆ ಕೂಡ. ಆದರೆ ಅಲ್ಲಿ ನಡೆಯುವುದು ಮಾರಾಟವಷ್ಟೇ. ಕಸೂತಿ ಹಾಕುವ ಹೆಣ್ಣುಮಕ್ಕಳು ಮಳಿಗೆಯೊಳಗೆ ಕೂತಿರುತ್ತಾರೆ; ವಿನ್ಯಾಸ ಕಲಿತ ಹುಡುಗ ಹುಡುಗಿಯರು ಹೊರಗೆ ನಿಂತು ಮೊಬೈಲಿನಲ್ಲಿ ಫೋಟೊ ಹಿಡಿದು ಹೋಗುತ್ತಾರೆ. ಆ ಫೋಟೊ ನೋಡಿ ಕಂಪ್ಯೂಟರಿನಲ್ಲಿ ಬರೆದ ನಮೂನೆ ಕಸೂತಿಯವರ ಕೈಗೆ ಬಂದಾಗ ಸೂಜಿ ಮುಂದೆ ಹೋಗುವುದಿಲ್ಲ. ಇಬ್ಬರೂ ತಿಂಗಳಿಗೊಮ್ಮೆ ಒಂದೇ ಮೇಜಿಗೆ ಕೂತರೆ ಈ ತೊಡಕು ಬಹುಪಾಲು ಬಿಡುತ್ತದೆ. ಅದಕ್ಕೊಂದು ಜಾಗ ಕೇಳಿ ಈ ಪತ್ರ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ರೂಢಿಯಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಇಳಿಸುತ್ತಾರೆ. ಹೀಗಾಗಿ ಗೆರೆಗೆ ಅಡ್ಡ, ಉದ್ದ, ಓರೆ ಇಷ್ಟೇ ದಾರಿ. ದುಂಡನೆಯ ಬಳ್ಳಿ ಬರೆದುಕೊಟ್ಟರೆ ಅದು ಮೆಟ್ಟಿಲು ಮೆಟ್ಟಿಲಾಗಿಯೇ ಬರುತ್ತದೆ. ಕಸೂತಿಯ ಹೊಲಿಗೆಗಳಲ್ಲೊಂದಾದ ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತದೆ, ಮರಳುವಾಗ ಬಿಟ್ಟ ಜಾಗ ತುಂಬುತ್ತದೆ. ಹಿಂದೆ ಮುಂದೆ ಒಂದೇ ರೂಪ, ಎಲ್ಲೂ ಗಂಟಿಲ್ಲ. ನಮೂನೆಯ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದರೆ ಎಷ್ಟೇ ಕವಲಿರಲಿ, ಸೂಜಿ ಹೊರಟಲ್ಲಿಗೇ ಮರಳಬಲ್ಲದು. ಕವಲು ಬಂದಲ್ಲಿ ತುದಿ ಮುಟ್ಟಿ, ತುಂಬಿಕೊಳ್ಳುತ್ತ ಬುಡಕ್ಕೆ ಬಂದು ಮುಂದೆ ಸಾಗಬೇಕು. ಒಂದು ಕವಲು ಮರೆತು ದಾರ ಮುಗಿಸಿದರೆ ಆ ಒಂದಕ್ಕೇ ಹೊಸ ದಾರ ಪೋಣಿಸಬೇಕಾಗುತ್ತದೆ.

ಹೊಸಬರ ನಮೂನೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಗೋಪುರದ ಹೊಟ್ಟೆಯೊಳಗೆ ಚೆಂದಕ್ಕೆಂದು ಯಾವ ಗೆರೆಗೂ ತಾಗದ ಒಂದು ಚೌಕ ಇಟ್ಟಿರುತ್ತಾರೆ. ಅದನ್ನು ಮುಟ್ಟಲು ಹಿಂಬದಿಯಲ್ಲಿ ದಾರ ಎಳೆದುಕೊಂಡು ಹೋಗಬೇಕು, ಇಲ್ಲವೇ ಕತ್ತರಿಸಿ ಮತ್ತೆ ಶುರು ಮಾಡಬೇಕು. ಎರಡರಲ್ಲೂ ಹಿಂಬದಿ ಕೆಡುತ್ತದೆ. ಎರಡು ಹೊಲಿಗೆಯ ಸಣ್ಣ ಗೆರೆಯಿಂದ ಆ ಚೌಕವನ್ನು ಗೋಪುರಕ್ಕೆ ಕೂಡಿಸಿದರೆ ಕೆಲಸ ಸಲೀಸು. ಗುಣಾಕಾರದ ಗುರುತಿನಂತೆ ಹಾಕುವ ಅಡ್ಡಹೊಲಿಗೆ ಮೆಂತಿಯೂ ಹೀಗೆಯೇ ಮೋಸ ಮಾಡುತ್ತದೆ: ಪರದೆಯ ಮೇಲೆ ಬಣ್ಣ ತುಂಬಿದಂತೆ ಕಾಣುವ ಜಾಗವೆಲ್ಲ ಅಡ್ಡಹೊಲಿಗೆಯಲ್ಲಿ ತುಂಬಿದರೆ ದಾರ ಬಹಳ ತಿನ್ನುತ್ತದೆ, ಸೆರಗು ಭಾರವಾಗಿ ಜೋಲುತ್ತದೆ. ನೇಯ್ದಂತೆ ಕಾಣುವ ನೇಯ್ಗಿ ಹೊಲಿಗೆಯಲ್ಲಿ ಉದ್ದುದ್ದ ಎಳೆ ಬಿಟ್ಟರೆ ಉಂಗುರ, ಬಳೆಗೆ ಸಿಕ್ಕಿ ಎಳೆ ಕಿತ್ತು ಬರುತ್ತದೆ. ಕಸೂತಿಯವರು ಇದನ್ನು ನಮೂನೆ ನೋಡಿದ ಕೂಡಲೇ ಹೇಳಬಲ್ಲರು. ಅವರನ್ನು ಕೇಳುವವರು ಬೇಕು.

ಬಟ್ಟೆಯ ಮಾತೂ ಇದೆ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಕಣ್ಣಿಗೆ ಎಳೆ ಸಿಗುತ್ತದೆ. ಕ್ರೇಪ್, ಜಾರ್ಜೆಟ್‌ನಲ್ಲಿ ಸಿಗುವುದಿಲ್ಲ; ಮೇಲೆ ಜಾಲರಿ ಬಟ್ಟೆ ಟಾಕಿ, ಅದರ ಕಣ್ಣು ಎಣಿಸಿ ಹಾಕಿ, ಕೊನೆಗೆ ಜಾಲರಿಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಸೂಜಿ ಜಾಲರಿಯ ಕಣ್ಣಿನಲ್ಲೇ ಇಳಿಯಬೇಕು. ಎಳೆಗೆ ಚುಚ್ಚಿದರೆ ಆಮೇಲೆ ಅದು ಹೊರಬರುವುದಿಲ್ಲ, ಜಗ್ಗಿದರೆ ಹೊಲಿಗೆಯೇ ಏಳುತ್ತದೆ. ಜಾಲರಿ ಹೋದಮೇಲೆ ಅದರ ದಪ್ಪದಷ್ಟು ದಾರ ಸಡಿಲವಾಗುತ್ತದೆ. ಆದ್ದರಿಂದ ಹಾಕುವಾಗಲೇ ತುಸು ಬಿಗಿ ಬೇಕು, ಆದರೆ ಬಟ್ಟೆ ಸುಕ್ಕುಗಟ್ಟುವಷ್ಟಲ್ಲ. ಆ ಹದ ಪುಸ್ತಕದಿಂದ ಬರುವುದಿಲ್ಲ, ಪಕ್ಕದಲ್ಲಿ ಕೂತವರ ಕೈ ನೋಡಿಯೇ ಬರಬೇಕು.

ಇಂಥ ಕೂಟಕ್ಕೆ ಖರ್ಚು ದೊಡ್ಡದಲ್ಲ. 24 ಮಂದಿ, ಆರು ಮೇಜು. ಪ್ರತಿ ಮೇಜಿಗೆ ಕಸೂತಿ ಬಲ್ಲವರೊಬ್ಬರು, ವಿನ್ಯಾಸಕಾರರೊಬ್ಬರು, ನೇಕಾರರೋ ದರ್ಜಿಯೋ ಒಬ್ಬರು, ಒಬ್ಬ ವಿದ್ಯಾರ್ಥಿ. 36 ಅಂಗುಲ ಅಗಲದ ಸಾದಾ ಹತ್ತಿ ಬಟ್ಟೆ 3 ಮೀಟರ್ ಸಾಕು. ಮೊದಲು ಒಗೆದು ಒಣಗಿಸಿ, ಕುಗ್ಗಿದ ಮೇಲೆ 11 ಅಂಗುಲದ ಚೌಕಗಳಾಗಿ ಕತ್ತರಿಸಿದರೆ ಎಲ್ಲರಿಗೂ ಕೊಟ್ಟು ಕೆಲವು ಉಳಿಯುತ್ತವೆ. ಒಗೆಯದೆ ಕೊಟ್ಟರೆ ಮುಂದೆ ಮನೆಯಲ್ಲಿ ನೀರು ಮುಟ್ಟಿದಾಗ ನಮೂನೆ ಸೊಟ್ಟಗಾಗುತ್ತದೆ. 24ನೇ ನಂಬರಿನ ಮೊಂಡು ಮೊನೆಯ ಸೂಜಿ, ಆರೆಳೆಯ ಹತ್ತಿ ದಾರದಲ್ಲಿ ಎರಡೆಳೆ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಉಜ್ಜಿ ಉಜ್ಜಿ ಜುಂಗು ಏಳುತ್ತದೆ, ತೊಡಕಾಗುತ್ತದೆ. ಕೆಂಪು, ಕಪ್ಪು ದಾರ ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ಬಿಳಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ ನೋಡಬೇಕು. ನಮೂನೆ ಬರೆಯಲು ಮಿಲಿಮೀಟರ್ ಗ್ರಾಫ್ ಹಾಳೆ ಕಣ್ಣಿಗೆ ಭಾರ. ಪ್ರಾಥಮಿಕ ಶಾಲೆಯ ಲೆಕ್ಕದ ಚೌಕಳಿ ಪುಸ್ತಕವೇ ಮೇಲು. ಒಂದು ಮನೆಗೆ ಒಂದು ಹೊಲಿಗೆ.

ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3. ಮನೆಗೆಲಸ ಮುಗಿಸಿ ಹಳ್ಳಿಯಿಂದ ಬಸ್ಸು ಹತ್ತಿ ಬರುವವರಿಗೆ ಇದಕ್ಕಿಂತ ಬೇಗ ಆಗದು. ಸಂಜೆಯ ಟ್ಯೂಬ್‌ಲೈಟಿನಲ್ಲಿ ಚಂದ್ರಕಾಳಿ ಸೀರೆಯ ಕಪ್ಪು ಎಳೆ ಎಣಿಸುವುದು ಯಾರಿಗೂ ಆಗದು.

ಹೊಸ ನಮೂನೆ ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ತೇರು, ತುಳಸಿಕಟ್ಟೆ, ಆನೆ, ಗಿಳಿ, ತೊಟ್ಟಿಲು ಎಲ್ಲವೂ ಹಾಕುವವರ ಕಣ್ಣೆದುರಿನಿಂದಲೇ ಸೀರೆಗೆ ಬಂದವು. ಹಾಗೆಯೇ ವರ್ಷಕ್ಕೆರಡು ಬಾರಿ ಕೂಟವನ್ನು ಹೊರಗೆ ಒಯ್ಯಬಹುದು. ಹುಬ್ಬಳ್ಳಿ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳ (ತೂತು ಕೊರೆದ ಕಿಟಕಿಗಳ) ಮುಂದೆ ಎಳೆ ಬಿಸಿಲಿನಲ್ಲಿ ಒಂದು ತಾಸು ಕೂತು ಬರೆದರೆ ಚೌಕಳಿ ಪುಸ್ತಕ ತುಂಬುತ್ತದೆ. ಚಾಲುಕ್ಯ ಶೈಲಿಯ ಗೋಡೆಯ ಒಳಹೊರಗಿನ ಮೂಲೆಗಳಂತೂ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರ್ಗಿ ಹೊಲಿಗೆಗೆ ಹೇಳಿ ಮಾಡಿಸಿದಂತಿವೆ. ಕಂಡದ್ದನ್ನೆಲ್ಲ ಬರೆಯದೆ ಒಂದೇ ಮೂಲೆ ಆಯ್ದು, ಅದನ್ನು 20 ಮನೆಗಳ ಚೌಕಕ್ಕೆ ಇಳಿಸಿ, ಅಂದೇ ಬಟ್ಟೆಗೆ ಹಾಕಿ ನೋಡಬೇಕು. ಹಾಳೆಯ ಮೇಲೆ ಉಳಿದ ನಮೂನೆ ನಮೂನೆಯೇ ಅಲ್ಲ.

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಕಲಾವಿದರನ್ನೂ ಕೊಳ್ಳುವವರನ್ನೂ ಬೀದಿಯಲ್ಲೇ ಮುಖಾಮುಖಿ ಮಾಡಿತು, ಅದು ದೊಡ್ಡ ಕೆಲಸ. ನಾವು ಕೇಳುತ್ತಿರುವುದು ಅದಕ್ಕೂ ಹಿಂದಿನ ಹಂತ, ಕೆಲಸ ಹುಟ್ಟುವ ಜಾಗ. ಮೇಳದ ದಿನವೂ ಮಳಿಗೆಯ ಪಕ್ಕದಲ್ಲಿ ಇಂಥದೊಂದು ಮೇಜು ಹಾಕಿದರೆ, ಸೆರಗು ತಿರುಗಿಸಿ ಗವಂತಿಯ ಹಿಂಬದಿ ನೋಡುವುದನ್ನು ಕೊಳ್ಳುವವರಿಗೆ ತೋರಿಸಬಹುದು. ಯಂತ್ರದ ಕೆಲಸದ ಹಿಂಬದಿಯಲ್ಲಿ ಕೆಳದಾರ ಬೇರೆಯಾಗಿಯೇ ಕಾಣುತ್ತದೆ. ಭೌಗೋಳಿಕ ಸೂಚಿಕೆಯ ಗುರುತು ಪಡೆದ ಕಲೆಯನ್ನು ಯಂತ್ರದ ನಕಲಿನಿಂದ ಬೇರೆ ಮಾಡಲು ಗ್ರಾಹಕರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಕೂಟಕ್ಕೆ ಬರುವ ಕಸೂತಿಯವರಿಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುವುದು ನಿಲ್ಲಬೇಕು. ವೇದಿಕೆಯ ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ, ಬಸ್ ಚಾರ್ಜು ಸೇರಿಸಿ, ಅಂದೇ ಕೊಡಬೇಕು. ಮೇಜಿನ ಮೇಲೆ ಹುಟ್ಟಿದ ನಮೂನೆಯ ಹಾಳೆಗೆ ಇಬ್ಬರ ಹೆಸರೂ, ತಾರೀಖೂ ಬೀಳಬೇಕು. ಅದು ಸೀರೆಯಾಗಿ ಮಾರಾಟಕ್ಕೆ ಬಂದರೆ ಚೀಟಿಯ ಮೇಲೂ ಇಬ್ಬರ ಹೆಸರಿರಬೇಕು. ಒಪ್ಪಿಗೆಯಿಲ್ಲದೆ ಫೋಟೊ ಹಿಡಿಯಬಾರದು.

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಜಿಲ್ಲಾಡಳಿತವೂ ತಮ್ಮ ಅಧೀನದ ಸಭಾಭವನಗಳಲ್ಲಿ ಒಂದು ಕೋಣೆಯನ್ನು ತಿಂಗಳ ಎರಡನೇ ಭಾನುವಾರ ನಾಲ್ಕು ತಾಸು ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ವೇದಿಕೆ, ಮೈಕು, ಹಾರ ಬೇಡ. ಕೋಣೆಗೆ ಉತ್ತರ ದಿಕ್ಕಿನಲ್ಲಿ ಕಿಟಕಿ ಇರಲಿ, ಬಿಸಿಲು ನೇರ ಬೀಳದೆ ಬೆಳಕು ಬರುತ್ತದೆ.

– ಕಸೂತಿ ಮತ್ತು ವಸ್ತ್ರವಿನ್ಯಾಸದ ಕೆಲಸದಲ್ಲಿರುವ ಕೆಲವರು, ಧಾರವಾಡ