ಹನ್ನೊಂದು ಸಲ ಕರೆದವರಿಗೆ

ನೆರೆ ಸಂತ್ರಸ್ತರ ಕ್ಯಾಂಪ್ ಮುಚ್ಚಿ ಮೂರು ವಾರ ಆಯಿತು. ಶಾಲೆಯ ಅಂಗಳದಲ್ಲಿ ಕಟ್ಟಿದ್ದ ಆಂಟೆನಾದ ತಂತಿಯನ್ನು ಮೊನ್ನೆ ಬಿಚ್ಚಿ ತಂದೆ. ಮೊಣಕೈಗೆ ಸುತ್ತುತ್ತಾ ನಿಂತಾಗ, ಥ್ಯಾಂಕ್ಸ್ ಹೇಳಬೇಕಾದವರಿಗೆ ಇನ್ನೂ ಹೇಳಿಲ್ಲವಲ್ಲ ಅನ್ನಿಸಿತು. ಅದಕ್ಕೇ ಇದು.

ನದಿ ಹೇಗೆ ಏರಿತು, ಸೇತುವೆ ಎಷ್ಟು ಹೊತ್ತಿಗೆ ಹೋಯಿತು, ಫೋನುಗಳು ಒಂದೊಂದಾಗಿ ಹೇಗೆ ಸತ್ತವು, ಇದೆಲ್ಲ ನಿಮಗೆ ಗೊತ್ತು. ಮತ್ತೆ ಬರೆಯುವುದಿಲ್ಲ. ನಾಲ್ಕು ದಿನ ಆ ಶಾಲೆಯಿಂದ ಹೊರಗೆ ಮಾತು ಹೋಗುವುದಕ್ಕೆ ಇದ್ದದ್ದು ಹವ್ಯಾಸಿಗಳು ಲೈಸೆನ್ಸ್ ಪಡೆದು ಪರಸ್ಪರ ಮಾತಾಡುವ ಒಂದು ಹ್ಯಾಮ್ ರೇಡಿಯೋ ಸೆಟ್ಟು, 20 ಮೀಟರ್ ತಂತಿ, ಮತ್ತು ಲೈಸೆನ್ಸ್ ಸಿಕ್ಕಿ ಇನ್ನೂ ವರ್ಷ ತುಂಬದ ನಾನು.

ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಸರಿ ಮಾಡಲು ಮಳೆಯಲ್ಲೇ ಎರಡು ಸಲ ಗುಡ್ಡ ಹತ್ತಿದವರು, ಜೀಪಿನ ಬ್ಯಾಟರಿ ಬಿಚ್ಚಿ ತಂದುಕೊಟ್ಟ ಅಣ್ಣ, ಚೀಟಿ ಹಿಡಿದು ಕ್ಲಾಸ್‌ರೂಮಿನಿಂದ ಕ್ಲಾಸ್‌ರೂಮಿಗೆ ಓಡಿದ ಹುಡುಗರು, ಜಿಲ್ಲಾ ಕಂಟ್ರೋಲ್ ರೂಮಿನಲ್ಲಿ ಪಾಳಿ ಹಾಕಿಕೊಂಡು ಕೂತ ಕ್ಲಬ್ಬಿನ ಗೆಳೆಯರು, ಕಿಟ್ ಪ್ಯಾಕ್ ಮಾಡುವಾಗ "ಇರಲಿ, ಬೇಕಾಗಬಹುದು" ಅಂತ ಡಬ್ಬಿಯ ತಳಕ್ಕೆ ಒಂದು ಮೋರ್ಸ್ ಕೀ (ಗಿಡ್ಡ-ಉದ್ದ ಸದ್ದಿನಲ್ಲಿ ಅಕ್ಷರ ಕಳಿಸುವ ಸಾಧನ) ಹಾಕಿದ್ದ ಅಕ್ಕ, ನಿಮಗೆಲ್ಲ ನನ್ನ ಮನಸ್ಸು ತುಂಬಿದ ಧನ್ಯವಾದ. ಒಂದೇ ವಾಕ್ಯದಲ್ಲಿ ಮುಗಿಸಿದೆ ಅಂತ ಬೇಜಾರಾಗಬೇಡಿ. ನೀವು ಯಾರೇ ಒಬ್ಬರು ಇಲ್ಲದಿದ್ದರೂ ಆ ಸೆಟ್ಟು ಮೊದಲನೇ ದಿನವೇ ಮೌನವಾಗುತ್ತಿತ್ತು.

ಇನ್ನೊಂದಷ್ಟು ಜನ ಇದ್ದಾರೆ. ಅವರು ಯಾರೆಂದು ನನಗೆ ಗೊತ್ತಾಗುವ ದಾರಿಯೇ ಇಲ್ಲ. ರಾತ್ರಿ ಹೊತ್ತು 7 ಮೆಗಾಹರ್ಟ್ಸ್ ಬ್ಯಾಂಡ್ ಎಷ್ಟು ತುಂಬಿರುತ್ತದೆ ಅಂತ ಹ್ಯಾಮ್‌ಗಳಿಗೆ ಗೊತ್ತು. ನಾವು ಇದ್ದದ್ದು 7.110ರಲ್ಲಿ. ಏಷ್ಯಾ-ಪೆಸಿಫಿಕ್ ಭಾಗದ ಹ್ಯಾಮ್‌ಗಳು ತುರ್ತು ಮಾತಿಗೆ ಅಂತ ಒಪ್ಪಿಕೊಂಡಿರುವ ಜಾಗ ಅದು. ಆದರೂ ಸುತ್ತಮುತ್ತ ಮಾತು ನಡೆದೇ ಇರುತ್ತದೆ. "ತುರ್ತು ಸಂದೇಶ ಇದೆ, ದಯವಿಟ್ಟು ಜಾಗ ಬಿಡಿ" ಅಂತ ಒಂದು ಸಲ ಹೇಳಿದ್ದಷ್ಟೇ. ಒಬ್ಬೊಬ್ಬರಾಗಿ ಸುಮ್ಮನಾದರು. ನಾಲ್ಕು ರಾತ್ರಿ ಯಾರೂ ಅಡ್ಡ ಬರಲಿಲ್ಲ. ಸುಮ್ಮನಿದ್ದು ನಮಗೆ ದಾರಿ ಬಿಟ್ಟವರೇ, ನಿಮಗೂ ನಮಸ್ಕಾರ.

ಈಗ ಮೇಷ್ಟ್ರ ವಿಷಯ.

ಹೆಸರೂ ಬೇಡ, ರೇಡಿಯೋದಲ್ಲಿ ಗುರುತಿಗೆ ಹೇಳುವ ಕಾಲ್‌ಸೈನೂ ಬೇಡ, ಊರೂ ಬೇಡ ಅಂದಿದ್ದಾರೆ. ಹಾಗಾಗಿ ಮೇಷ್ಟ್ರು ಅಂತಲೇ ಬರೆಯುತ್ತೇನೆ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಎರಡನೇ ದಿನಕ್ಕೆ ನನ್ನ ಬಾಯಲ್ಲಿ ಆ ಮಾತು ತಾನಾಗಿ ಬಂತು, ಉಳಿದುಕೊಂಡಿತು.

ನಮ್ಮ ಕ್ಯಾಂಪಿಗೂ ಕಂಟ್ರೋಲ್ ರೂಮಿಗೂ 40 ಕಿಲೋಮೀಟರ್. ಮೇಷ್ಟ್ರು ಇದ್ದದ್ದು ಹೆಚ್ಚುಕಡಿಮೆ 800 ಕಿಲೋಮೀಟರ್ ದೂರದಲ್ಲಿ. ಪಕ್ಕದವರ ಜೊತೆ ಮಾತಾಡಲು ಅಷ್ಟು ದೂರದವರು ಯಾಕೆ ಬೇಕು ಅಂತ ಕ್ಯಾಂಪಿನಲ್ಲಿ ತುಂಬಾ ಜನ ಕೇಳಿದರು. ಹಗಲಲ್ಲಿ ನಮ್ಮ ಅಲೆ ನೆಟ್ಟಗೆ ಮೇಲೆ ಹೋದರೂ ವಾತಾವರಣದ ಮೇಲಿನ ಅಯಾನುಗೋಳ ಅನ್ನುವ ಪದರಕ್ಕೆ ತಾಗಿ ಹತ್ತಿರದಲ್ಲೇ ಇಳಿಯುತ್ತದೆ. ಕತ್ತಲಾದ ಮೇಲೆ ಆ ಪದರದ ಬಲ ಕಡಿಮೆಯಾಗುತ್ತದೆ. ನೆಟ್ಟಗೆ ಹೋದದ್ದು ಅದನ್ನು ದಾಟಿ ಆಕಾಶಕ್ಕೇ ಹೋಗಿಬಿಡುತ್ತದೆ. ಓರೆಯಾಗಿ ಹೋದದ್ದು ಮಾತ್ರ ವಾಪಸ್ ಬರುತ್ತದೆ, ಅದೂ ನೂರಾರು ಕಿಲೋಮೀಟರ್ ಆಚೆ. ರಾತ್ರಿಗೆ ಇನ್ನೂ ಕಡಿಮೆ ಫ್ರೀಕ್ವೆನ್ಸಿಯ 80 ಮೀಟರ್ ಬ್ಯಾಂಡಿಗೆ ಇಳಿದಿದ್ದರೆ ನೇರವಾಗಿ ಮಾತಾಡಬಹುದಿತ್ತು. ಅದಕ್ಕೆ ಬೇಕಾದ 40 ಮೀಟರ್ ತಂತಿ ನಮ್ಮ ಹತ್ತಿರ ಇರಲಿಲ್ಲ. ಹೀಗಾಗಿ ರಾತ್ರಿಯಾದರೆ ಕಂಟ್ರೋಲ್ ರೂಮಿಗೆ ನಾನು ಕೇಳಿಸುತ್ತಿರಲಿಲ್ಲ, ನನಗೆ ಅವರು ಕೇಳಿಸುತ್ತಿರಲಿಲ್ಲ. ಇಬ್ಬರಿಗೂ ಮೇಷ್ಟ್ರು ಕೇಳಿಸುತ್ತಿದ್ದರು.

ಅವರ ಊರಲ್ಲಿ ಮಳೆಯೇ ಇರಲಿಲ್ಲ. ಅವರಿಗೆ ನಾವು ಯಾರೂ ಅಲ್ಲ. ಸೆಟ್ ಆಫ್ ಮಾಡಿ ಮಲಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

ಮೊದಲ ರಾತ್ರಿ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಇದನ್ನು ಹೇಳಲೇಬೇಕು. ಪ್ರತಿ ಸಂದೇಶವನ್ನೂ ಅವರು ಪೂರ್ತಿ ಬರೆದುಕೊಂಡು, ಮತ್ತೆ ಪೂರ್ತಿ ಓದಿ ಹೇಳುತ್ತಿದ್ದರು. ನನ್ನ ಮುಂದೆ ಚೀಟಿಗಳು ರಾಶಿ ಬಿದ್ದಿದ್ದವು. ಒಂದು ಸಂದೇಶಕ್ಕೆ ಮೂರು ನಿಮಿಷ ಅಂದರೆ ಯಾವಾಗ ಮುಗಿಯಬೇಕು? ಆಚೆ ದಡದಲ್ಲಿ ಸಿಕ್ಕಿಕೊಂಡವರಿಗೆ ದೋಣಿ ಬೇಕು ಅನ್ನುವ ಚೀಟಿ ಓದಿದೆ. ಎಪ್ಪತ್ತು ಜನ. ಗರಗರ ಸದ್ದಿನ ಮಧ್ಯೆ ಅವರು ಓದಿ ಹೇಳಿದರು, ಸರಿನಾ ಅಂದರು.

"ಸರಿ ಸರ್, ಸರಿ. ಮುಂದಿನದು ತಗೊಳ್ಳಿ" ಅಂದೆ. ಅವರು ಓದಿದ್ದನ್ನು ನಾನು ಕಿವಿಗೊಟ್ಟು ಕೇಳಿರಲೇ ಇಲ್ಲ.

"ಇಲ್ಲ ಪುಟ್ಟಾ. ಜನ ಎಷ್ಟು ಅಂತ ಅಂಕಿ ಅಂಕಿಯಾಗಿ ನೀನೇ ಹೇಳು."

"ಏಳು. ಸೊನ್ನೆ."

ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ, "ಏಳಾ? ನಾನು ಎರಡು, ಸೊನ್ನೆ ಅಂತ ಬರ್ಕೊಂಡಿದ್ದೀನಿ. ತಿದ್ದಿದೆ."

ಇಪ್ಪತ್ತು, ಎಪ್ಪತ್ತು. ಒಂದೇ ಅಕ್ಷರದ ವ್ಯತ್ಯಾಸ. ನನ್ನ ಕೈ ತಣ್ಣಗಾಯಿತು. ಇಪ್ಪತ್ತು ಜನಕ್ಕೆ ಅಂತ ದೋಣಿ ಕಳಿಸಿದ್ದರೆ ಆ ಕತ್ತಲಲ್ಲಿ ಉಳಿದ ಐವತ್ತು ಜನರ ಗತಿ ಏನಾಗುತ್ತಿತ್ತೋ. ಅವರು ಬೈಯಲಿಲ್ಲ. "ಈಗ ಮುಂದಿನದು ಕೊಡು, ನಿಧಾನಕ್ಕೆ" ಅಂದರು. ಆಮೇಲೆ ನಾಲ್ಕೂ ದಿನ ನಾನು ಯಾವ ಸಂಖ್ಯೆಯನ್ನೂ ಬಿಡಿಸಿ ಹೇಳದೆ ಬಿಡಲಿಲ್ಲ. ಮನೆಯಲ್ಲಿ ಈಗಲೂ ಫೋನ್ ನಂಬರ್ ಹಾಗೇ ಹೇಳುತ್ತೇನೆ.

2004ರ ಸುನಾಮಿಯ ಕತೆ ಓದಿ ನಾನು ಹ್ಯಾಮ್ ಆದವಳು. ಹವ್ಯಾಸಕ್ಕೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಹ್ಯಾಮ್ ತಂಡ ಆ ಡಿಸೆಂಬರ್ 26ರಿಂದ ಇದ್ದಬದ್ದ ಕೆಲಸ ಬಿಟ್ಟು ತುರ್ತು ಸಂದೇಶ ರವಾನಿಸತೊಡಗಿತು ಅಂತ ಓದಿದಾಗ ಮೈ ಜುಮ್ ಅಂದಿತ್ತು. ಆದರೆ ಆ ತಂಡದವರೂ ಒಂದೊಂದು ಹೆಸರನ್ನೂ ಹೀಗೇ ಎರಡೆರಡು ಸಲ ಓದಿರಬೇಕು, ಬರೆದಿರಬೇಕು, ತಿದ್ದಿರಬೇಕು ಅನ್ನುವುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ಎರಡನೇ ರಾತ್ರಿಯ ಬಗ್ಗೆ ಬರೆಯಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಸ್ವಲ್ಪ ಬರೆಯುತ್ತೇನೆ.

ಒಬ್ಬ ತಾಯಿ ಸಂಜೆಯಿಂದ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಅರ್ಧ ಗಂಟೆಗೊಮ್ಮೆ, "ನನ್ನ ಮಗನ ವಿಷಯ ಏನಾದ್ರೂ ಬಂತೇನಮ್ಮಾ" ಅಂತ ಕೇಳುತ್ತಿದ್ದರು. ಇಲ್ಲಮ್ಮ, ಇನ್ನೂ ಇಲ್ಲ ಅನ್ನುತ್ತಿದ್ದೆ. ಹನ್ನೆರಡೂವರೆ ಹೊತ್ತಿಗೆ ಮೇಷ್ಟ್ರು ಕರೆದರು. ದನಿ ಬೇರೆಯೇ ಇತ್ತು.

"ಪುಟ್ಟಾ, ಸ್ಪೀಕರ್ ತೆಗೆದು ಹೆಡ್‌ಫೋನ್ ಹಾಕ್ಕೋ. ಹಾಕ್ಕೊಂಡ್ಯಾ? ನಿನ್ನ ಹಿಂದೆ ಯಾರಾದ್ರೂ ಇದ್ದಾರಾ?"

ನಮ್ಮ ಮಾತನ್ನು ಸೆಟ್ ಇರುವ ಯಾರು ಬೇಕಾದರೂ ಕೇಳಬಹುದು. ಗುಟ್ಟಿನ ಭಾಷೆಯಲ್ಲಿ ಮಾತಾಡುವಂತಿಲ್ಲ, ಅದು ನಮ್ಮ ನಿಯಮ. ಅದಕ್ಕೇ ತೀರಿಹೋದವರ ಹೆಸರನ್ನು ನಾವು ಗಾಳಿಯಲ್ಲಿ ಹೇಳುವುದಿಲ್ಲ. ಮೇಷ್ಟ್ರೂ ಹೇಳಲಿಲ್ಲ. ಕ್ಯಾಂಪಿನ ಅಧಿಕಾರಿ ಆ ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಬೆಳಕು ಹರಿದ ಕೂಡಲೇ ಆಸ್ಪತ್ರೆಗೆ ಬರಬೇಕು, ಅಷ್ಟೇ ಸಂದೇಶ. ನಾನು ಬರೆದುಕೊಂಡೆ. ಓದಿ ಹೇಳಬೇಕಿತ್ತು. ಹಿಂದೆ ಆ ತಾಯಿ ನಿಂತಿದ್ದರು. ಓದಲು ಆಗಲಿಲ್ಲ.

"ಓದಬೇಡ" ಅಂದರು ಮೇಷ್ಟ್ರು. ಎಷ್ಟೋ ಸಂದೇಶಗಳಲ್ಲಿ ಓದಬೇಡ ಅಂದದ್ದು ಅದೊಂದಕ್ಕೇ.

ಆ ತಾಯಿಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಹಕ್ಕು ನನಗಿಲ್ಲ.

ಅಧಿಕಾರಿಗೆ ಚೀಟಿ ಕೊಟ್ಟು ಬಂದು ಕೂತೆ. ಮೈಕ್ ಹಿಡಿದೆ. ಮಾತು ಬರಲಿಲ್ಲ. ಏನೋ ಎರಡು ಪದ ಹೇಳಿದೆ.

"ನಿನ್ನ ದನಿ ಒಡೀತಾ ಇದೆ. ಬ್ಯಾಟರಿ ಎಷ್ಟಿದೆ ನೋಡು."

ನೋಡಿದೆ. 11.4 ವೋಲ್ಟ್. ಬ್ಯಾಟರಿ ಇಳಿದರೆ ನಮ್ಮ ದನಿ ಆ ಕಡೆ ಒಡಕೊಡಕಾಗಿ ಕೇಳಿಸುತ್ತದೆ, ನಿಜ. ಆದರೆ ದನಿ ಒಡೆದದ್ದು ಬ್ಯಾಟರಿಯಿಂದ ಮಾತ್ರ ಅಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಬ್ಯಾಟರಿಯ ಬಗ್ಗೆಯೇ ಮಾತಾಡಿದೆವು.

"100 ವಾಟ್‌ನಲ್ಲಿ ಮಾತಾಡಿದ್ರೆ 20 ಆಂಪ್ ಎಳೆಯುತ್ತೆ. ಸುಮ್ನೆ ಕೇಳ್ತಾ ಇದ್ರೆ ಒಂದೇ ಆಂಪ್. ಬೆಳಗಿನ ತನಕ ನೀನು ಮಾತಾಡೋದು ಬೇಡ. ನಾನು ಕಾಲು ಗಂಟೆಗೊಮ್ಮೆ ಕರೀತೀನಿ. ಡಬ್ಬಿಲಿ ಕೀ ಇದ್ಯಾ? 10 ವಾಟ್‌ಗೆ ಇಳಿಸಿ ಬರೀ ಒಂದು ಆರ್ ಕಳಿಸು. ಸಾಕು. ಅರ್ಜೆಂಟ್ ಇದ್ರೆ ಮಾತ್ರ ಮೈಕ್ ಮುಟ್ಟು."

ಮೋರ್ಸ್ ನನಗೆ ಬರುತ್ತಿರಲಿಲ್ಲ. ಹ್ಯಾಮ್ ಆಗಲು ಮೋರ್ಸ್ ಬರಲೇಬೇಕು ಅನ್ನುವ ಅಂತರರಾಷ್ಟ್ರೀಯ ಕಡ್ಡಾಯ 2003ರಲ್ಲೇ ಹೋಗಿದೆ, ನಾನೂ ಅದನ್ನು ಕಲಿಯದೇ ಬಂದವಳು. ಅವರು ಬಾಯಲ್ಲೇ ಹೇಳಿಕೊಟ್ಟರು. ಗಿಡ್ಡ, ಉದ್ದ, ಗಿಡ್ಡ. ಡಿ ಡಾ ಡಿಟ್. ಸಂದೇಶ ತಲುಪಿತು ಅನ್ನುವುದಕ್ಕೆ ಹ್ಯಾಮ್‌ಗಳು ಕಳಿಸುವ ಒಂದೇ ಅಕ್ಷರ.

ಆ ರಾತ್ರಿ ಅವರು ಏನೇನೋ ಮಾತಾಡಿದರು. ಮೊದಲ ಸೆಟ್ ಸ್ವಂತ ಕೈಯಿಂದ ಕಟ್ಟಿ, ಆನ್ ಮಾಡಿದ ಕೂಡಲೇ ಹೊಗೆ ಬಂದದ್ದು. ಹೆಂಡತಿಗೆ ಮದುವೆಯಾದ ಹೊಸದರಲ್ಲಿ ಮೋರ್ಸ್ ಕಲಿಸಿದ್ದು. ಪ್ರತಿ ಕಾಲು ಗಂಟೆಗೂ ಎರಡು ಮಾತು, ಆಮೇಲೆ "ಇದ್ದೀಯಾ?" ನಾನು ಡಿ ಡಾ ಡಿಟ್. "ಸರಿ" ಅನ್ನುವರು. ಅಷ್ಟೇ. ಬೆಳಗಿನ ಜಾವ ಐದಕ್ಕೆ ಅಣ್ಣ ಜೀಪಿನ ಬ್ಯಾಟರಿ ತಂದರು. ಆರೂವರೆಗೆ ಬ್ಯಾಂಡ್ ತಿರುಗಿ ಕಂಟ್ರೋಲ್ ರೂಮ್ ನೇರವಾಗಿ ಕೇಳಿಸಿತು. ಮೇಷ್ಟ್ರು ಆಗ "73 ಪುಟ್ಟಾ, ಸಂಜೆ ಸಿಗ್ತೀನಿ" ಅಂದು ಸೆಟ್ ಆಫ್ ಮಾಡಿದರು. 73 ಅಂದರೆ ಮಾತು ಮುಗಿಸುವಾಗ ಹ್ಯಾಮ್‌ಗಳು ಹೇಳುವ ಶುಭಾಶಯ. ಹೇಳಿದ ಹಾಗೆ ಸಂಜೆ ಮತ್ತೆ ಬಂದರು. ಮರುದಿನವೂ ಬಂದರು.

ಕ್ಯಾಂಪ್ ಮುಚ್ಚುವ ದಿನ ಒಬ್ಬ ಅಜ್ಜ ಬಂದು ಜೇಬಿಗೆ ಕೈ ಹಾಕಿದರು. ಮಗಳು ಕ್ಷೇಮವಾಗಿದ್ದಾಳೆ ಅನ್ನುವ ಸುದ್ದಿ ಅವರಿಗೆ ತಲುಪಿದ್ದು ನಮ್ಮಿಂದ. ಎಷ್ಟು ಕೊಡಬೇಕಮ್ಮಾ ಅಂದರು. ಹಾಗೆಲ್ಲ ಇಲ್ಲಜ್ಜ, ದುಡ್ಡು ತಗೊಂಡರೆ ಅದು ಹ್ಯಾಮ್ ರೇಡಿಯೋನೇ ಅಲ್ಲ ಅಂದೆ. ನಿಜವಾಗಲೂ ಅಂತರರಾಷ್ಟ್ರೀಯ ನಿಯಮದಲ್ಲಿ ಹ್ಯಾಮ್ ಅಂದರೆ ಯಾರು ಅಂತ ಬರೆದಿರುವ ಸಾಲಲ್ಲೇ ಅದು ಇದೆ, ಹಣದ ಆಸೆಯಿಲ್ಲದೆ ಮಾಡುವವರು ಅಂತ. ಅಜ್ಜ ನಂಬಲಿಲ್ಲ. ಹಾಗಾದರೆ ಇಷ್ಟೆಲ್ಲ ಯಾಕೆ ಮಾಡಿದಿರಿ ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಮೇಷ್ಟ್ರನ್ನು ಕೇಳಬೇಕು ಅಂದುಕೊಂಡವಳು ಇನ್ನೂ ಕೇಳಿಲ್ಲ.

ಹೋದ ವಾರ ಅವರು ತಮ್ಮ ಲಾಗ್ ಪುಸ್ತಕದ ಫೋಟೋ ಕಳಿಸಿದರು. ಕ್ಲಬ್ಬಿನ ವರದಿಗೆ ಬೇಕಿತ್ತು, ನಾನೇ ಕೇಳಿದ್ದೆ. ನೀಲಿ ಪೆನ್ನು, ಗೆರೆ ಹಾಕಿದ ಪುಸ್ತಕ, ಗುಂಡು ಅಕ್ಷರ. ಎರಡನೇ ರಾತ್ರಿಯ ಪುಟದಲ್ಲಿ ಒಂದರ ಕೆಳಗೊಂದು ಟೈಮು, ಪಕ್ಕದಲ್ಲಿ ಆರ್. 2:00, ಆರ್. 2:15, ಆರ್. 2:30, ಆರ್.

2:45ರ ಪಕ್ಕ ಆರ್ ಇಲ್ಲ. "ಕರೆದೆ" ಅಂತ ಇದೆ. ಅದರ ಕೆಳಗೆ 2:46, ಕರೆದೆ. 2:47, ಕರೆದೆ. 2:49, ಕರೆದೆ. ನಡುವೆ ಒಂದು ಸಾಲು, "ಕಂಟ್ರೋಲ್‌ಗೆ ತಿಳಿಸಿದೆ, ಅವರಿಗೂ ಕೇಳುತ್ತಿಲ್ಲ." ಮತ್ತೆ ಕರೆದೆ, ಕರೆದೆ. ಬೆರಳಿಟ್ಟು ಎಣಿಸಿದೆ. ಹನ್ನೊಂದು ಸಲ.

ನಾನು ನಿದ್ದೆ ಹೋಗಿದ್ದೆ. ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ತಲೆಯಿಟ್ಟದ್ದು ನೆನಪಿದೆ, ಒಂದು ನಿಮಿಷ ಅಂತ. ಎದ್ದಾಗ ಗಡಿಯಾರದಲ್ಲಿ ಮೂರು ದಾಟಿತ್ತು. ಮೂರರ ಕರೆ ಇರಬೇಕು ಅಂದುಕೊಂಡು ಡಿ ಡಾ ಡಿಟ್ ಕಳಿಸಿದೆ. "ಸರಿ ಪುಟ್ಟಾ" ಅಂದರು, ಯಾವಾಗಿನ ಹಾಗೇ. ಒಂದು ಕರೆ ತಪ್ಪಿಸಿದ್ದೀನಿ ಅಂತ ಕೂಡ ನನಗೆ ತಿಳಿಯಲಿಲ್ಲ. ಅವರು ಆವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಪುಟದಲ್ಲಿ 3:02, ಆರ್. ಆ ಒಂದು ಅಕ್ಷರದ ಮೇಲೆ ಮಾತ್ರ ಪೆನ್ನು ಎರಡು ಸಲ ಓಡಿದೆ.

ಮೇಷ್ಟ್ರೇ, ಕ್ಲಬ್ಬಿನವರು 40 ಮೀಟರ್ ತಂತಿ ತಂದಿದ್ದಾರೆ. ಇನ್ನು ಮೇಲೆ ರಾತ್ರಿಯೂ ಕಂಟ್ರೋಲ್ ರೂಮಿಗೆ ನೇರವಾಗಿ ಮಾತಾಡಬಹುದು. ಆದರೂ ಭಾನುವಾರ ರಾತ್ರಿ ಒಂಬತ್ತಕ್ಕೆ ಹಳೇ ತಂತಿಯನ್ನೇ ಕಟ್ಟಿ 7.110ರಲ್ಲಿ ಕರೆಯುತ್ತೇನೆ. ಕೀ ಹಿಡಿದೇ ಕರೆಯುತ್ತೇನೆ, ಅಷ್ಟಿಷ್ಟು ಕಲಿತಿದ್ದೇನೆ. ನೀವು ಮಲಗಿದ್ದರೆ ಪರವಾಗಿಲ್ಲ. ಹನ್ನೊಂದು ಸಲ ಕರೆದು ನೋಡುತ್ತೇನೆ.

73.